ಕಣ್ಣು, ಕೈ ಮತ್ತು ದಣಿವು: ಜೋ ಲೂಯಿಸ್ ಬದುಕು ಕಲಿಸುವ ಪಾಠ



ಈ ಲೇಖನ ಓದುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. 30 ಸೆಂಟಿಮೀಟರಿನ ಸ್ಕೇಲೊಂದನ್ನು ಗೆಳೆಯನ ಕೈಗೆ ಕೊಡಿ. ಆತ ಅದರ ಮೇಲ್ತುದಿಯನ್ನು ಹಿಡಿದು ನೇರವಾಗಿ ಇಳಿಬಿಡಲಿ. ಸೊನ್ನೆ ಇರುವ ಕೆಳತುದಿ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ, ಬೆರಳಿಗೆ ತಾಗದಂತೆ ಇರಲಿ. ಆತ ಯಾವ ಸೂಚನೆಯನ್ನೂ ಕೊಡದೆ ಸ್ಕೇಲನ್ನು ಬಿಟ್ಟುಬಿಡಲಿ, ನೀವು ಬೆರಳು ಕೂಡಿಸಿ ಅದನ್ನು ಹಿಡಿಯಿರಿ. ಸುಮಾರು 20 ಸೆಂಟಿಮೀಟರಿನ ಗೆರೆಯ ಹತ್ತಿರ ಹಿಡಿದಿದ್ದರೆ ನಿಮ್ಮ ಕಣ್ಣು ಕಂಡದ್ದಕ್ಕೂ ಕೈ ಮಾಡಿದ್ದಕ್ಕೂ ನಡುವೆ ಒಂದು ಸೆಕೆಂಡಿನ ಐದನೇ ಒಂದು ಭಾಗ ಕಳೆದಿದೆ ಎಂದು ತಿಳಿಯಿರಿ. ಇದನ್ನೇ ಪ್ರತಿಕ್ರಿಯೆಯ ಕಾಲ ಎನ್ನುತ್ತಾರೆ.

ಈಗ ಹದಿನೇಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತಾ ಅದೇ ಪ್ರಯೋಗವನ್ನು ಮತ್ತೆ ಮಾಡಿ. ಕೈ ತಡವಾಗುವುದನ್ನು, ಕೆಲವೊಮ್ಮೆ ಸ್ಕೇಲು ನೆಲಕ್ಕೇ ಬೀಳುವುದನ್ನು ನೀವೇ ಕಾಣುವಿರಿ. ಕಣ್ಣು ಅದೇ, ಕೈ ಅದೇ. ಬದಲಾದದ್ದು ಗಮನ ಮಾತ್ರ.

ಸ್ಕೇಲು ಬಿದ್ದರೆ ನಷ್ಟವೇನಿಲ್ಲ. ಆದರೆ ಬಾಕ್ಸಿಂಗ್ ರಿಂಗಿನಲ್ಲಿ ನಿಂತವನಿಗೆ ಆ ಐದನೇ ಒಂದು ಭಾಗ ಸೆಕೆಂಡು ಎಂದರೆ ಗೆಲುವು, ಸೋಲು, ಕೆಲವೊಮ್ಮೆ ಪ್ರಾಣವೂ ಹೌದು. ಮುಹಮ್ಮದ್ ಅಲಿಯವರ ಹೆಸರು ನಿಮಗೆಲ್ಲ ಗೊತ್ತು. ಅವರಿಗಿಂತ ಒಂದು ತಲೆಮಾರು ಮುಂಚೆ ಇಡೀ ಜಗತ್ತು ಬಲ್ಲ ಹೆವಿವೇಯ್ಟ್ ಬಾಕ್ಸರ್ ಒಬ್ಬರಿದ್ದರು. ಅವರೇ ಜೋ ಲೂಯಿಸ್. ಗಮನ ಮತ್ತು ದಣಿವು ಇವೆರಡೂ ಮನುಷ್ಯನ ಕೈಯನ್ನು ಹೇಗೆ ನಡೆಸುತ್ತವೆ, ಹೇಗೆ ಕೆಡಿಸುತ್ತವೆ ಎಂಬುದಕ್ಕೆ ಅವರ ಬದುಕಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಹತ್ತಿ ಹೊಲದಿಂದ ಡೆಟ್ರಾಯಿಟ್‌ಗೆ

ಜೋಸೆಫ್ ಲೂಯಿಸ್ ಬ್ಯಾರೋ ಹುಟ್ಟಿದ್ದು 1914ರ ಮೇ 13ರಂದು, ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮಾ ರಾಜ್ಯದ ಲಫಾಯೆಟ್ ಪಟ್ಟಣದ ಬಳಿಯ ಹಳ್ಳಿಗಾಡಿನಲ್ಲಿ. ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡು ಅರ್ಧ ಶತಮಾನವೇ ಕಳೆದಿದ್ದರೂ ಅಲ್ಲಿನ ಕರಿಯ ಜನರ ಬದುಕು ಬಹಳವೇನೂ ಬದಲಾಗಿರಲಿಲ್ಲ. ಬೇರೆಯವರ ಹೊಲದಲ್ಲಿ ಹತ್ತಿ ಬೆಳೆದು, ಬೆಳೆಯಲ್ಲಿ ಪಾಲು ಕೊಟ್ಟು, ಉಳಿದದ್ದರಲ್ಲಿ ಹೊಟ್ಟೆ ಹೊರೆಯುವ ಸಂಸಾರ ಅದು. ಎಂಟು ಮಕ್ಕಳಲ್ಲಿ ಜೋ ಏಳನೆಯವನು. ಮಗು ಇನ್ನೂ ಚಿಕ್ಕದಿರುವಾಗಲೇ ತಂದೆ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ತಾಯಿ ಲಿಲ್ಲಿಯವರೇ ದುಡಿದು ಮಕ್ಕಳನ್ನು ಸಾಕಿದರು. ಮುಂದೆ ಅವರು ಮರುಮದುವೆಯಾದರು. 1926ರಲ್ಲಿ ಕುಟುಂಬ ಕೆಲಸ ಹುಡುಕಿಕೊಂಡು ಉತ್ತರದ ಡೆಟ್ರಾಯಿಟ್ ನಗರಕ್ಕೆ ಬಂತು. ಕಾರು ಕಾರ್ಖಾನೆಗಳ ಆ ನಗರದಲ್ಲಿ ಸಾವಿರಾರು ಕರಿಯ ಕುಟುಂಬಗಳು ಹೀಗೆಯೇ ಬಂದು ನೆಲೆಸುತ್ತಿದ್ದವು.

ಓದಿನಲ್ಲಿ ಹಿಂದಿದ್ದ ಬಾಲಕನನ್ನು ಮರಗೆಲಸ ಕಲಿಸುವ ಶಾಲೆಗೆ ಸೇರಿಸಿದರು. ಬಿಡುವಿನಲ್ಲಿ ಮನೆಮನೆಗೆ ಮಂಜುಗಡ್ಡೆ ಹೊತ್ತು ಹಾಕುವ ಕೆಲಸವನ್ನೂ ಆತ ಮಾಡಿದ. ಮಗ ಸಂಗೀತ ಕಲಿತು ಒಳ್ಳೆಯ ದಾರಿ ಹಿಡಿಯಲಿ ಎಂಬ ಆಸೆಯಿಂದ ತಾಯಿ ಪಿಟೀಲು ಪಾಠಕ್ಕೆಂದು ವಾರವಾರವೂ ಹಣ ಕೊಡುತ್ತಿದ್ದರು. ಮಗ ಅದನ್ನು ಬಾಕ್ಸಿಂಗ್ ಕಲಿಯುವ ಜಾಗಕ್ಕೆ ಕಟ್ಟುತ್ತಿದ್ದ!

1932ರಲ್ಲಿ ಆತನ ಮೊದಲ ಹವ್ಯಾಸಿ ಪಂದ್ಯ ನಡೆಯಿತು. ಎದುರಾಳಿ ಜಾನಿ ಮೈಲರ್ ಅದೇ ವರ್ಷ ಅಮೆರಿಕದ ಒಲಿಂಪಿಕ್ ತಂಡಕ್ಕೆ ಆಯ್ಕೆಯಾದ ಅನುಭವಿ. ಆ ಪಂದ್ಯದಲ್ಲಿ ಜೋ ಏಳು ಸಲ ನೆಲಕ್ಕೆ ಬಿದ್ದು ಸೋತ. ತೋಳಿನಲ್ಲಿ ಬಲವಿತ್ತು, ಆದರೆ ಬರುವ ಏಟನ್ನು ಓದುವ ಕಣ್ಣು ಇನ್ನೂ ಪಳಗಿರಲಿಲ್ಲ. ಕೆಲಕಾಲ ಬಾಕ್ಸಿಂಗ್ ಬಿಟ್ಟೂ ಬಿಟ್ಟ. ಆಮೇಲೆ ಹಿಂದಿರುಗಿ ಬಂದು, ಎರಡೇ ವರ್ಷಗಳಲ್ಲಿ ಹವ್ಯಾಸಿ ಬಾಕ್ಸಿಂಗ್‌ನ ರಾಷ್ಟ್ರೀಯ ಪ್ರಶಸ್ತಿ ಗೆದ್ದ. 1934ರ ಜುಲೈ 4ರಂದು ಷಿಕಾಗೋದಲ್ಲಿ ವೃತ್ತಿಪರನಾಗಿ ಮೊದಲ ಪಂದ್ಯ ಆಡಿದಾಗ ಆತನ ವಯಸ್ಸು ಇಪ್ಪತ್ತು.

ಗುರು ಕಲಿಸಿದ ಮಿತವ್ಯಯ

ವೃತ್ತಿಪರನಾದ ಲೂಯಿಸ್‌ಗೆ ಸಿಕ್ಕ ಗುರು ಜ್ಯಾಕ್ ಬ್ಲ್ಯಾಕ್‌ಬರ್ನ್. ಸ್ವತಃ ಹಳೆಯ ಬಾಕ್ಸರ್ ಆಗಿದ್ದ ಅವರು ಶಿಷ್ಯನಿಗೆ ಮೊದಲು ಕಲಿಸಿದ್ದು ಹೊಡೆಯುವುದನ್ನಲ್ಲ, ನಿಲ್ಲುವುದನ್ನು. ಕಾಲುಗಳನ್ನು ನೆಲದಿಂದ ಹೆಚ್ಚು ಎತ್ತದೆ ಸರಿಸುತ್ತಾ ಹೋಗಬೇಕು. ಮೈಯ ತೂಕ ಎಂದೂ ತಪ್ಪಬಾರದು. ಕೈ ಬೀಸಿ ಹೊಡೆಯಬಾರದು, ಕಡಿಮೆ ದೂರದಿಂದ ನೇರವಾಗಿ ಗುದ್ದಬೇಕು. ನೋಡುವವರಿಗೆ ಲೂಯಿಸ್ ಮಂದಗತಿಯವರಂತೆ ಕಾಣುತ್ತಿದ್ದರು. ಆದರೆ ಅವರ ಕೈ ಹೊರಟಾಗ ಅದು ತಲುಪಿದ್ದು ಎದುರಾಳಿಗೆ ತಾಗಿದ ಮೇಲೆಯೇ ತಿಳಿಯುತ್ತಿತ್ತು.

ಇದರಲ್ಲಿ ಅಡಗಿರುವ ಲೆಕ್ಕವನ್ನು ನೀವು ಗಮನಿಸಬೇಕು. ಬಾಕ್ಸಿಂಗ್‌ನ ಒಂದು ಸುತ್ತು ಎಂದರೆ ಮೂರು ನಿಮಿಷ, ನಡುವೆ ಒಂದು ನಿಮಿಷದ ವಿಶ್ರಾಂತಿ. ಆ ಕಾಲದ ದೊಡ್ಡ ಪಂದ್ಯಗಳು ಹದಿನೈದು ಸುತ್ತುಗಳವರೆಗೆ ನಡೆಯುತ್ತಿದ್ದವು. ಅಷ್ಟು ಹೊತ್ತು ಹೃದಯ ತನ್ನ ಶಕ್ತಿಯ ಮೇಲ್ಮಿತಿಯ ಹತ್ತಿರವೇ ಬಡಿಯುತ್ತಿರುತ್ತದೆ. ಗುರಿ ತಪ್ಪಿದ ಪ್ರತಿಯೊಂದು ಗುದ್ದಿಗೂ ಶಕ್ತಿ ಖರ್ಚಾಗುತ್ತದೆ, ಲಾಭವೇನೂ ಬರುವುದಿಲ್ಲ. ಹೊಡೆದದ್ದಕ್ಕಿಂತ ತಪ್ಪಿದ್ದೇ ಹೆಚ್ಚು ದಣಿಸುತ್ತದೆ ಎಂಬುದು ಅನುಭವಿಗಳ ಅರಿವು. ಏಕೆಂದರೆ ತಪ್ಪಿದ ಕೈಯನ್ನೂ ಅದರ ಹಿಂದೆ ವಾಲಿದ ಮೈಯನ್ನೂ ಮತ್ತೆ ಸ್ವಸ್ಥಾನಕ್ಕೆ ತರಬೇಕಲ್ಲ!

ದೈಹಿಕ ಶ್ರಮವೆಲ್ಲ ಪ್ರತಿಕ್ರಿಯೆಯನ್ನು ಕೆಡಿಸುತ್ತದೆ ಎಂದು ತಿಳಿಯಬೇಡಿ. ಮೈ ಬಿಸಿಯಾಗುವಷ್ಟು ಹಿತಮಿತವಾದ ಶ್ರಮ ನರ ಮತ್ತು ಸ್ನಾಯುಗಳನ್ನು ಚುರುಕುಗೊಳಿಸುತ್ತದೆ, ಮನಸ್ಸನ್ನೂ ಎಚ್ಚರಿಸುತ್ತದೆ. ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವುದು ಇದಕ್ಕಾಗಿಯೇ. ಆದರೆ ಶ್ರಮ ಒಂದು ಗಡಿ ದಾಟಿದ ಮೇಲೆ ಕಥೆ ಬೇರೆಯಾಗುತ್ತದೆ. ದೀಪ ಕಂಡೊಡನೆ ಗುಂಡಿ ಒತ್ತುವಂಥ ಸರಳ ಕೆಲಸದಲ್ಲಿ ದಣಿದವನು ಹೆಚ್ಚೇನೂ ಹಿಂದೆ ಬೀಳದಿರಬಹುದು. ಆದರೆ ಎಡಕ್ಕೆ ಬಾಗಬೇಕೋ, ಬಲಕ್ಕೆ ಸರಿಯಬೇಕೋ, ತಡೆಯಬೇಕೋ, ತಿರುಗಿ ಹೊಡೆಯಬೇಕೋ ಎಂದು ಆರಿಸಿಕೊಳ್ಳಬೇಕಾದಲ್ಲಿ ಆತ ತಪ್ಪತೊಡಗುತ್ತಾನೆ. ಕೈಗಳು ಗದ್ದದಿಂದ ಕೆಳಗಿಳಿಯುತ್ತವೆ. ಗುದ್ದು ನಾಲ್ಕು ಬೆರಳು ಆಚೆ ಬೀಳುತ್ತದೆ. ಬ್ಲ್ಯಾಕ್‌ಬರ್ನ್ ಇದನ್ನು ಪ್ರಯೋಗಾಲಯದಲ್ಲಿ ಕಲಿತವರಲ್ಲ, ಜಿಮ್ಮಿನಲ್ಲಿ ಕಲಿತವರು. ಆದರೂ ಅವರು ಕಲಿಸಿದ ಮಿತವ್ಯಯ ನೂರಕ್ಕೆ ನೂರು ಸರಿಯಾಗಿತ್ತು.

1935ರಲ್ಲಿ ಲೂಯಿಸ್ ಮಾಜಿ ಚಾಂಪಿಯನ್‌ಗಳಾದ ಪ್ರೀಮೋ ಕಾರ್ನೇರಾ ಮತ್ತು ಮ್ಯಾಕ್ಸ್ ಬೇರ್ ಇಬ್ಬರನ್ನೂ ಸೋಲಿಸಿದರು. ಅವರನ್ನು ಸೋಲಿಸುವವರೇ ಇಲ್ಲ ಎಂದು ಪತ್ರಿಕೆಗಳು ಬರೆಯತೊಡಗಿದವು.

ಗಮನ ಬೇರೆಡೆ ಹೋದಾಗ

ಈಗ 1936ರ ಜೂನ್ 19ಕ್ಕೆ ಬರೋಣ. ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಲೂಯಿಸ್‌ಗೆ ಇಪ್ಪತ್ತೆರಡು ವರ್ಷ, ವೃತ್ತಿಪರ ಪಂದ್ಯಗಳಲ್ಲಿ ಅಲ್ಲಿಯವರೆಗೆ ಸೋಲನ್ನೇ ಕಂಡಿರಲಿಲ್ಲ. ಎದುರಾಳಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್. ಮಾಜಿ ಚಾಂಪಿಯನ್, ವಯಸ್ಸು ಮೂವತ್ತು, ಅವರ ಕಾಲ ಮುಗಿಯಿತು ಎಂದೇ ಎಲ್ಲರ ಎಣಿಕೆ.

ಪಂದ್ಯಕ್ಕೆ ಮುಂಚಿನ ತಿಂಗಳುಗಳಲ್ಲಿ ಇಬ್ಬರೂ ಏನು ಮಾಡಿದರು ನೋಡಿ. ಶ್ಮೆಲಿಂಗ್ 1935ರ ಡಿಸೆಂಬರಿನಲ್ಲೇ ಅಮೆರಿಕಕ್ಕೆ ಬಂದು, ಲೂಯಿಸ್ ಆಡಿದ ಒಂದು ಪಂದ್ಯವನ್ನು ರಿಂಗಿನ ಪಕ್ಕದಲ್ಲೇ ಕುಳಿತು ನೋಡಿದರು. ಲೂಯಿಸ್ ಪಂದ್ಯಗಳ ಚಲನಚಿತ್ರಗಳನ್ನು ತರಿಸಿಕೊಂಡು ಮತ್ತೆ ಮತ್ತೆ ನೋಡಿದರು. ಕೊನೆಗೆ ಒಂದು ಸಣ್ಣ ದೋಷ ಕಣ್ಣಿಗೆ ಬಿತ್ತು: ಎಡಗೈಯಿಂದ ನೇರ ಗುದ್ದು ಕೊಟ್ಟ ಮೇಲೆ ಲೂಯಿಸ್ ಆ ಕೈಯನ್ನು ಗದ್ದದ ಬಳಿಗೆ ತರದೆ ಸ್ವಲ್ಪ ಕೆಳಗೆ ಬಿಡುತ್ತಿದ್ದರು. ಆ ಕ್ಷಣದಲ್ಲಿ ಮುಖದ ಎಡಭಾಗ ತೆರೆದಿರುತ್ತಿತ್ತು. ಶ್ಮೆಲಿಂಗ್ ಅವರ ಬಲಗೈಗೆ ಅಷ್ಟು ಸಾಕಿತ್ತು.

ಇತ್ತ ಲೂಯಿಸ್ ಹೊಸದಾಗಿ ಮದುವೆಯಾಗಿದ್ದರು, ಗಾಲ್ಫ್ ಆಟದ ಹುಚ್ಚನ್ನೂ ಹತ್ತಿಸಿಕೊಂಡಿದ್ದರು. ನ್ಯೂಜೆರ್ಸಿಯ ಲೇಕ್‌ವುಡ್‌ನಲ್ಲಿದ್ದ ತರಬೇತಿ ಶಿಬಿರದಲ್ಲಿ ಅಭ್ಯಾಸಕ್ಕಿಂತ ಗಾಲ್ಫ್ ಮೈದಾನದ ಕಡೆಗೇ ಮನಸ್ಸು ಹರಿಯಿತು. ಶಕ್ತಿ ಕುಂದಿರಲಿಲ್ಲ, ಯೌವನವೂ ಇತ್ತು. ಕುಂದಿದ್ದು ಗಮನ ಮಾತ್ರ.

ನಾಲ್ಕನೇ ಸುತ್ತಿನಲ್ಲಿ ಶ್ಮೆಲಿಂಗ್ ಬಲಗೈ ಕಾದಿದ್ದ ಜಾಗಕ್ಕೇ ಬಂದು ಬಿತ್ತು. ವೃತ್ತಿಪರ ಬದುಕಿನಲ್ಲಿ ಮೊದಲ ಬಾರಿಗೆ ಲೂಯಿಸ್ ನೆಲ ಕಂಡರು. ಎದ್ದರು, ಆದರೆ ಅಲ್ಲಿಂದ ಮುಂದೆ ಅವರ ಪ್ರತಿಕ್ರಿಯೆ ಮೊದಲಿನಂತೆ ಇರಲಿಲ್ಲ. ತಲೆಗೆ ಬಿದ್ದ ಏಟು ಮಿದುಳನ್ನೇ ಮಂಕಾಗಿಸುತ್ತದೆ. ಮಂಕಾದವನು ಮುಂದಿನ ಏಟನ್ನು ಇನ್ನೂ ತಡವಾಗಿ ಕಾಣುತ್ತಾನೆ. ಹೀಗೆ ಒಂದು ಏಟು ಇನ್ನೊಂದಕ್ಕೆ ದಾರಿ ಮಾಡುತ್ತದೆ. ಹನ್ನೆರಡನೇ ಸುತ್ತಿನಲ್ಲಿ ಲೂಯಿಸ್ ಬಿದ್ದವರು ಎಣಿಕೆ ಮುಗಿಯುವುದರೊಳಗೆ ಏಳಲಿಲ್ಲ. ಅಮೆರಿಕದ ಲಕ್ಷಾಂತರ ಕರಿಯ ಕುಟುಂಬಗಳು ರೇಡಿಯೋ ಮುಂದೆ ಕುಳಿತು ಕಣ್ಣೀರಿಟ್ಟವು. ಜರ್ಮನಿಯ ನಾಜಿ ಸರ್ಕಾರ ಇದನ್ನು ಬಿಳಿಯ ಜನಾಂಗದ ಶ್ರೇಷ್ಠತೆಗೆ ಸಾಕ್ಷಿ ಎಂದು ಸಾರಿತು.

ಒಂದು ಪ್ರಶ್ನೆ ನಿಮ್ಮಲ್ಲಿ ಏಳಬಹುದು. ಬರುವ ಏಟನ್ನು ನೋಡಿ ತಪ್ಪಿಸಿಕೊಳ್ಳಬಾರದೇ? ಇಲ್ಲೇ ಮೊದಲು ಮಾಡಿದ ಸ್ಕೇಲಿನ ಪ್ರಯೋಗ ನೆನಪಿಸಿಕೊಳ್ಳಿ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಪಳಗಿದ ಬಾಕ್ಸರ್‌ನ ನೇರ ಗುದ್ದು ತಲುಪಲು ಹೆಚ್ಚುಕಡಿಮೆ ಅಷ್ಟೇ ಕಾಲ ಸಾಕು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಮೇಲಾಗಿ ಆರಿಸಿಕೊಳ್ಳಬೇಕಾದ ದಾರಿಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ನಿಧಾನವಾಗುತ್ತದೆ ಎಂಬುದನ್ನು 1952ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಹಿಕ್ ತೋರಿಸಿಕೊಟ್ಟರು. ಹಾಗಾದರೆ ಮುಷ್ಟಿಯನ್ನು ನೋಡಿ ತಪ್ಪಿಸಿಕೊಳ್ಳುವುದು ಆಗದ ಮಾತು. ಒಳ್ಳೆಯ ಬಾಕ್ಸರ್ ಮುಷ್ಟಿಯನ್ನೇ ದಿಟ್ಟಿಸುವುದಿಲ್ಲ. ಎದುರಾಳಿಯ ಭುಜ, ಎದೆ, ಕಾಲಿನ ತೂಕ ಯಾವ ಕಡೆ ವಾಲುತ್ತಿದೆ ಎಂಬುದನ್ನು ಓದುತ್ತಾನೆ, ಏಟು ಹೊರಡುವ ಮೊದಲೇ ಊಹಿಸುತ್ತಾನೆ. ಊಹಿಸುವುದಕ್ಕೆ ಬೇಕಾದದ್ದು ವೇಗವಲ್ಲ, ಗಮನ. ಚಿತ್ರಗಳನ್ನು ನೋಡುತ್ತಾ ಕುಳಿತ ಶ್ಮೆಲಿಂಗ್ ತಿಂಗಳುಗಳ ಮುಂಚೆಯೇ ಆ ಗಮನವನ್ನು ಕೂಡಿಟ್ಟಿದ್ದರು.

ನೂರಿಪ್ಪತ್ತನಾಲ್ಕು ಸೆಕೆಂಡು

ಸೋತವರು ಎರಡು ಬಗೆ. ಕಾರಣವನ್ನು ಹೊರಗೆ ಹುಡುಕುವವರು ಒಂದು ಬಗೆ, ತನ್ನೊಳಗೆ ಹುಡುಕುವವರು ಇನ್ನೊಂದು ಬಗೆ. ಲೂಯಿಸ್ ಎರಡನೇ ಸಾಲಿಗೆ ಸೇರಿದರು. ಎರಡೇ ತಿಂಗಳಲ್ಲಿ ರಿಂಗಿಗೆ ಮರಳಿ ಗೆದ್ದರು. ಬ್ಲ್ಯಾಕ್‌ಬರ್ನ್ ಅವರೊಂದಿಗೆ ಆ ಎಡಗೈಯ ದೋಷವನ್ನು ತಿದ್ದಿಕೊಳ್ಳತೊಡಗಿದರು. ಗುದ್ದಿದ ಕೈ ಹೋದ ದಾರಿಯಲ್ಲೇ ಹಿಂದಿರುಗಿ ಗದ್ದದ ಬಳಿ ನಿಲ್ಲಬೇಕು. ನೂರು ಸಲ, ಸಾವಿರ ಸಲ ಅದೇ ಅಭ್ಯಾಸ.

ಈ ಸಾವಿರ ಸಲದ ಅಭ್ಯಾಸ ಏಕೆ ಬೇಕು? ನಮ್ಮ ಗಮನ ಎಂಬುದು ಅಳತೆಯುಳ್ಳ ಬಂಡವಾಳ. ಸೈಕಲ್ ಕಲಿಯುವಾಗ ಹ್ಯಾಂಡಲ್, ಪೆಡಲ್, ತೂಕ ಎಲ್ಲದಕ್ಕೂ ಗಮನ ಬೇಕು, ರಸ್ತೆ ನೋಡಲು ಉಳಿಯುವುದೇ ಇಲ್ಲ. ಕಲಿತ ಮೇಲೆ ಕಾಲು ತಾನಾಗಿ ತುಳಿಯುತ್ತದೆ, ಗಮನವೆಲ್ಲ ರಸ್ತೆಗೆ ಸಿಗುತ್ತದೆ. ಹಾಗೆಯೇ ಕೈ ತಾನಾಗಿ ಮೇಲಕ್ಕೆ ಬರುವಂತಾದರೆ ಬಾಕ್ಸರ್‌ನ ಗಮನವೆಲ್ಲ ಎದುರಾಳಿಯ ಮೇಲೆ ನಿಲ್ಲುತ್ತದೆ. ಇನ್ನೂ ಒಂದು ಲಾಭವಿದೆ. ದಣಿದಾಗ ಮೊದಲು ಕೈಕೊಡುವುದು ಯೋಚಿಸಿ ಮಾಡುವ ಕೆಲಸಗಳು. ಅಭ್ಯಾಸವಾಗಿ ಮೈಗೂಡಿದ್ದು ದಣಿವಿನಲ್ಲೂ ಬಹಳ ಹೊತ್ತು ಉಳಿಯುತ್ತದೆ.

1937ರ ಜೂನ್ 22ರಂದು ಷಿಕಾಗೋದಲ್ಲಿ ಲೂಯಿಸ್, ಜೇಮ್ಸ್ ಬ್ರ್ಯಾಡಕ್ ಅವರನ್ನು ಎದುರಿಸಿದರು. ಮೊದಲ ಸುತ್ತಿನಲ್ಲೇ ಒಮ್ಮೆ ಬಿದ್ದರೂ ಧೃತಿಗೆಡದೆ ಎಂಟನೇ ಸುತ್ತಿನಲ್ಲಿ ಗೆದ್ದು ವಿಶ್ವ ಹೆವಿವೇಯ್ಟ್ ಚಾಂಪಿಯನ್ ಆದರು. 1915ರಲ್ಲಿ ಜ್ಯಾಕ್ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ ಇಪ್ಪತ್ತೆರಡು ವರ್ಷಗಳ ನಂತರ ಆ ಪಟ್ಟ ಒಬ್ಬ ಕರಿಯನಿಗೆ ದಕ್ಕಿತ್ತು. ಆದರೆ ಶ್ಮೆಲಿಂಗ್ ಅವರನ್ನು ಗೆಲ್ಲದ ಹೊರತು ತಮ್ಮ ಪಟ್ಟ ಪೂರ್ಣವಲ್ಲ ಎಂದೇ ಅವರು ಭಾವಿಸಿದ್ದರು.

ಆ ಅವಕಾಶ ಬಂದದ್ದು ಸರಿಯಾಗಿ ಒಂದು ವರ್ಷಕ್ಕೆ, 1938ರ ಜೂನ್ 22ರಂದು. ಅದೇ ಯಾಂಕೀ ಸ್ಟೇಡಿಯಂ, ಸುಮಾರು 70 ಸಾವಿರ ಪ್ರೇಕ್ಷಕರು. ಅಷ್ಟರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ್ದ. ಇಬ್ಬರು ಆಟಗಾರರ ಪಂದ್ಯ ಎರಡು ದೇಶಗಳ ಪಂದ್ಯವಾಗಿ ಮಾರ್ಪಟ್ಟಿತ್ತು. ತನ್ನದೇ ದೇಶದಲ್ಲಿ ಅನೇಕ ಹೋಟೆಲುಗಳಿಗೆ ಕಾಲಿಡಲು ಅನುಮತಿಯಿಲ್ಲದ ಜನಾಂಗದ ಯುವಕನೊಬ್ಬ ಆ ದೇಶದ ಮಾನವನ್ನು ಹೊತ್ತು ನಿಂತಿದ್ದರು. ಇಂಥ ಒತ್ತಡ ಎಂಥವರ ಕೈಯನ್ನೂ ನಡುಗಿಸಬಲ್ಲದು. ಉದ್ವೇಗ ಅತಿಯಾದರೆ ನೋಟ ಕಿರಿದಾಗುತ್ತದೆ, ಸ್ನಾಯು ಬಿಗಿಯುತ್ತದೆ, ಗುರಿ ತಪ್ಪುತ್ತದೆ. ಉದ್ವೇಗ ತೀರ ಇಲ್ಲದಿದ್ದರೆ ಮೈ ಜಡವಾಗಿರುತ್ತದೆ. ಎರಡರ ನಡುವೆ ಒಂದು ಹದವಿದೆ.

ಲೂಯಿಸ್ ಆ ಹದವನ್ನು ಕಂಡುಕೊಂಡಿದ್ದರು. ಈ ಸಲ ಗಾಲ್ಫ್ ಇಲ್ಲ. ಪಾಂಪ್ಟನ್ ಲೇಕ್ಸ್ ಶಿಬಿರದಲ್ಲಿ ಕಟ್ಟುನಿಟ್ಟಿನ ಅಭ್ಯಾಸ. ಪಂದ್ಯದ ರಾತ್ರಿ ಎಂದಿಗಿಂತ ಹೆಚ್ಚು ಹೊತ್ತು ಮೈ ಬಿಸಿ ಮಾಡಿಕೊಂಡು, ಬೆವರುತ್ತಲೇ ರಿಂಗಿಗೆ ಬಂದರು. ಹಿಂದಿನ ಸಲ ಶ್ಮೆಲಿಂಗ್ ಕಾದು ಹೊಡೆಯಲು ಬಿಡುವು ಸಿಕ್ಕಿತ್ತು, ಈ ಸಲ ಅದನ್ನು ಕೊಡಲೇ ಇಲ್ಲ. ಗಂಟೆ ಬಾರಿಸಿದೊಡನೆ ಮೇಲೆ ಬಿದ್ದರು. ಒಂದಾದ ಮೇಲೊಂದು ಗುದ್ದು, ಪ್ರತಿಯೊಂದಕ್ಕೂ ಗುರಿ. ಮೂರು ಬಾರಿ ಶ್ಮೆಲಿಂಗ್ ನೆಲಕ್ಕೆ ಬಿದ್ದರು. ಪಂದ್ಯ ಮುಗಿಯಲು ಹಿಡಿದದ್ದು ಎರಡು ನಿಮಿಷ ನಾಲ್ಕು ಸೆಕೆಂಡು. ಆವೇಶವಿತ್ತು, ಆದರೆ ಆ ಆವೇಶ ಕಣ್ಣನ್ನು ಕಟ್ಟಿರಲಿಲ್ಲ.

ಶ್ಮೆಲಿಂಗ್ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವರು ನಾಜಿ ಪಕ್ಷ ಸೇರಿದವರಲ್ಲ. ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ಯೆಹೂದಿಗಳ ಮೇಲೆ ದಾಳಿ ನಡೆದಾಗ ಇಬ್ಬರು ಯೆಹೂದಿ ಬಾಲಕರನ್ನು ತಮ್ಮ ಕೋಣೆಯಲ್ಲಿ ಅಡಗಿಸಿಟ್ಟು ಕಾಪಾಡಿದರು. ಮುಂದೆ ಅವರೂ ಲೂಯಿಸ್ ಅವರೂ ಆಪ್ತ ಸ್ನೇಹಿತರಾದರು.

ಹದಿಮೂರನೇ ಸುತ್ತು

ಲೂಯಿಸ್ ಅವರ ಪಂದ್ಯಗಳಲ್ಲಿ ವಿದ್ಯಾರ್ಥಿಗಳು ಮುಖ್ಯವಾಗಿ ನೆನಪಿಡಬೇಕಾದದ್ದು 1941ರ ಜೂನ್ 18ರ ಪಂದ್ಯ. ಎದುರಾಳಿ ಬಿಲ್ಲಿ ಕಾನ್, ಲೂಯಿಸ್‌ಗಿಂತ ಸುಮಾರು 11 ಕಿಲೋ ಹಗುರ. ಬಲದಲ್ಲಿ ಸಾಟಿಯಲ್ಲ, ಆದರೆ ಚುರುಕು. ಹೊಡೆದು ಸರಿಯುವುದು, ಸರಿದು ಹೊಡೆಯುವುದು ಅವರ ರೀತಿ. ಲೂಯಿಸ್ ಬೆನ್ನಟ್ಟಿ ಬೆನ್ನಟ್ಟಿ ದಣಿದರು. ಅವರ ಗುದ್ದುಗಳು ಗಾಳಿಗೆ ಹೋದವು. ಹನ್ನೆರಡನೇ ಸುತ್ತಿನಲ್ಲಿ ಕಾನ್ ಹೊಡೆತಕ್ಕೆ ಲೂಯಿಸ್ ತತ್ತರಿಸಿದರು. ಆ ಹೊತ್ತಿಗೆ ಅಂಕ ಬರೆಯುವ ಮೂವರಲ್ಲಿ ಇಬ್ಬರ ಲೆಕ್ಕದಲ್ಲಿ ಕಾನ್ ಮುಂದಿದ್ದರು, ಒಬ್ಬರ ಲೆಕ್ಕದಲ್ಲಿ ಸಮ. ಉಳಿದ ಮೂರು ಸುತ್ತು ಅದೇ ಜಾಣತನದಿಂದ ಕಳೆದಿದ್ದರೆ ವಿಶ್ವ ಪಟ್ಟ ಕಾನ್ ಅವರದಾಗುತ್ತಿತ್ತು.

ಆದರೆ ಹದಿಮೂರನೇ ಸುತ್ತಿನಲ್ಲಿ ಕಾನ್ ದೂರ ಸರಿಯುವುದನ್ನು ಬಿಟ್ಟರು. ಲೂಯಿಸ್ ಅವರನ್ನು ಕೆಡವಿಯೇ ಗೆಲ್ಲುತ್ತೇನೆಂದು ಎದುರೆದುರು ನಿಂತು ಗುದ್ದಾಡತೊಡಗಿದರು. ಹನ್ನೆರಡು ಸುತ್ತುಗಳ ಶ್ರಮದ ಮೇಲೆ ಗೆಲುವಿನ ಆಸೆಯೂ ಸೇರಿತು. ದಣಿದ ಮಿದುಳು ಎಚ್ಚರಿಕೆಯ ದಾರಿ ಬಿಟ್ಟು ಬೇಗ ಮುಗಿಯುವ ದಾರಿಯನ್ನು ಬಯಸುತ್ತದೆ. ಲೂಯಿಸ್ ಕೂಡ ದಣಿದಿದ್ದರು. ಆದರೆ ಅವರ ಚಿಕ್ಕ, ನೇರ ಗುದ್ದುಗಳು ದಣಿವಿನಲ್ಲೂ ಉಳಿದಿದ್ದವು. ತೆರೆದ ಜಾಗ ಕಂಡೊಡನೆ ಕೈ ತಾನಾಗಿ ಹೊರಟಿತು. ಆ ಸುತ್ತು ಮುಗಿಯಲು ಎರಡೇ ಸೆಕೆಂಡು ಬಾಕಿಯಿರುವಾಗ ಕಾನ್ ಅವರ ಪಂದ್ಯ ಮುಗಿದಿತ್ತು.

ದಣಿವು ಎಂದರೆ ಮೈಯದು ಮಾತ್ರವಲ್ಲ. ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರಜ್ಞ ಏಂಜೆಲೋ ಮೋಸೋ 19ನೇ ಶತಮಾನದ ಕೊನೆಯಲ್ಲಿ ಒಂದು ಉಪಕರಣ ಮಾಡಿ, ಬೆರಳು ಎಷ್ಟು ಬಾರಿ ಭಾರ ಎತ್ತಬಲ್ಲದು ಎಂದು ಅಳೆದರು. ದಿನವಿಡೀ ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ಮಾಡಿ ಬಂದ ಸಹೋದ್ಯೋಗಿಯ ಬೆರಳಿನ ಬಲ ಕುಗ್ಗಿದ್ದನ್ನು ಅವರು ಕಂಡರು. ಆ ವ್ಯಕ್ತಿ ಕುರ್ಚಿಯಿಂದ ಎದ್ದಿರಲೇ ಇಲ್ಲ! 2009ರಲ್ಲಿ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನವೂ ಇದನ್ನೇ ಬೇರೆ ಬಗೆಯಲ್ಲಿ ತೋರಿಸಿತು. 90 ನಿಮಿಷ ಮನಸ್ಸಿಟ್ಟು ಮಾಡುವ ಕೆಲಸದ ನಂತರ ಸೈಕಲ್ ತುಳಿದವರು ಉಳಿದ ದಿನಗಳಿಗಿಂತ ಸುಮಾರು ಶೇಕಡಾ 15ರಷ್ಟು ಬೇಗ ಸೋತು ನಿಲ್ಲಿಸಿದರು. ಹೃದಯ ಮತ್ತು ಸ್ನಾಯುಗಳಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ, ಅದೇ ಶ್ರಮ ಹೆಚ್ಚು ಭಾರವೆಂದು ಅವರಿಗೆ ಅನಿಸಿತ್ತು. ಮನಸ್ಸು ಮತ್ತು ಮೈ ಒಂದೇ ಬಾವಿಯಿಂದ ನೀರು ಸೇದುತ್ತವೆ ಎನ್ನೋಣ. ಒಂದು ಕಡೆ ಹೆಚ್ಚು ಸೇದಿದರೆ ಇನ್ನೊಂದು ಕಡೆ ಕೊಡ ತುಂಬುವುದಿಲ್ಲ.

ಸಮವಸ್ತ್ರ, ಸಾಲ, ಸಂಜೆ

1942ರ ಜನವರಿಯಲ್ಲಿ ಲೂಯಿಸ್ ಸೈನ್ಯ ಸೇರಿದರು. ಆ ವರ್ಷ ಆಡಿದ ಎರಡು ಪಂದ್ಯಗಳ ಹಣವನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಬಿಟ್ಟುಕೊಟ್ಟರು. ಕರಿಯರನ್ನು ಬೇರೆಯಾಗಿಯೇ ಇಡುತ್ತಿದ್ದ ಪಡೆಗಳು ಅವು ಎಂಬುದನ್ನು ನೆನೆದರೆ ಆ ದಾನದ ದೊಡ್ಡತನ ತಿಳಿಯುತ್ತದೆ. ಸೈನಿಕರ ಮುಂದೆ ಸುಮಾರು ನೂರು ಪ್ರದರ್ಶನ ಪಂದ್ಯಗಳನ್ನು ಆಡಿದರು. ಮುಂದೆ ಬೇಸ್‌ಬಾಲ್‌ನಲ್ಲಿ ಹೆಸರಾದ ಜ್ಯಾಕಿ ರಾಬಿನ್ಸನ್ ಮತ್ತು ಇತರ ಕರಿಯ ಯುವಕರಿಗೆ ಅಧಿಕಾರಿ ತರಬೇತಿಯ ಬಾಗಿಲು ಮುಚ್ಚಿದ್ದಾಗ ಅದನ್ನು ತೆರೆಸಲು ತಮ್ಮ ಪ್ರಭಾವ ಬಳಸಿದರು. ಅದೇ 1942ರ ಏಪ್ರಿಲ್‌ನಲ್ಲಿ ಗುರು ಬ್ಲ್ಯಾಕ್‌ಬರ್ನ್ ತೀರಿಕೊಂಡರು.

ಯುದ್ಧ ಮುಗಿದು ಹಿಂದಿರುಗಿದಾಗ ಲೂಯಿಸ್‌ಗೆ ಮೂವತ್ತು ದಾಟಿತ್ತು. 1947ರ ಡಿಸೆಂಬರಿನಲ್ಲಿ ಜರ್ಸಿ ಜೋ ವಾಲ್ಕಾಟ್ ಅವರು ಲೂಯಿಸ್ ಅವರನ್ನು ಎರಡು ಬಾರಿ ಕೆಡವಿದರು. ಪಟ್ಟ ಉಳಿದದ್ದು ಅಂಕಗಳಲ್ಲಿ ಕಷ್ಟದಿಂದ. ಮರುವರ್ಷದ ಪಂದ್ಯದಲ್ಲಿ ಗೆದ್ದು, 1949ರ ಮಾರ್ಚ್ 1ರಂದು ನಿವೃತ್ತರಾದರು. ಅಷ್ಟು ಹೊತ್ತಿಗೆ ಹನ್ನೊಂದು ವರ್ಷ ಎಂಟು ತಿಂಗಳು ಚಾಂಪಿಯನ್ ಆಗಿದ್ದು, 25 ಬಾರಿ ಪಟ್ಟವನ್ನು ಉಳಿಸಿಕೊಂಡಿದ್ದರು. ಹೆವಿವೇಯ್ಟ್ ವಿಭಾಗದಲ್ಲಿ ಇದು ಯಾರೂ ಮುರಿಯದ ದಾಖಲೆ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ತೆರಿಗೆ ಬಾಕಿ ಬೆಳೆಯುತ್ತಾ ಬಡ್ಡಿ ಸೇರಿ 10 ಲಕ್ಷ ಡಾಲರನ್ನೂ ಮೀರಿತು. ಸಾಲ ತೀರಿಸಲು ಮತ್ತೆ ರಿಂಗಿಗೆ ಇಳಿದರು. 1950ರ ಸೆಪ್ಟೆಂಬರಿನಲ್ಲಿ ಎಜರ್ಡ್ ಚಾರ್ಲ್ಸ್ ಎದುರು ಹದಿನೈದು ಸುತ್ತು ಆಡಿ ಸೋತರು. 1951ರ ಅಕ್ಟೋಬರ್ 26ರಂದು ರಾಕಿ ಮಾರ್ಸಿಯಾನೋ ಎಂಬ ಯುವಕ ಎಂಟನೇ ಸುತ್ತಿನಲ್ಲಿ ಅವರನ್ನು ಸೋಲಿಸಿದರು. ಮೂವತ್ತೇಳರ ಲೂಯಿಸ್‌ಗೆ ಏಟು ಎಲ್ಲಿಂದ ಬರುತ್ತದೆ ಎಂದು ಓದುವ ಅನುಭವ ಇತ್ತು. ಆದರೆ ಅನುಭವ ಹೇಳಿದ್ದನ್ನು ಮಾಡುವ ಹೊತ್ತಿಗೆ ಮೈ ಒಂದು ಹೆಜ್ಜೆ ಹಿಂದೆ ಬೀಳುತ್ತಿತ್ತು. ವೃತ್ತಿಪರರಾಗಿ ಅವರು ಸೋತದ್ದು ಒಟ್ಟು ಮೂರೇ ಪಂದ್ಯ. ಅದರಲ್ಲಿ ಎರಡು ಸಾಲದ ಹೊರೆಯಿಂದ ಆಡಿದವು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ತಲೆಗೆ ಪದೇಪದೇ ಬೀಳುವ ಏಟು ಮಿದುಳಿಗೆ ಉಳಿಯುವ ಹಾನಿ ಮಾಡುತ್ತದೆ ಎಂದು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. ನಡಿಗೆ ತೊಡರುವುದು, ಮಾತು ತೊದಲುವುದು, ಸ್ಪಂದನೆ ನಿಧಾನವಾಗುವುದು ಅದರ ಲಕ್ಷಣಗಳು. ಬಾಕ್ಸಿಂಗ್ ಯಾವ ಚುರುಕನ್ನು ಬೇಡುತ್ತದೋ ಅದನ್ನೇ ಕಾಲಕ್ರಮದಲ್ಲಿ ಕಿತ್ತುಕೊಳ್ಳಬಲ್ಲದು. ಆದ್ದರಿಂದ ಈ ಲೇಖನವನ್ನು ಓದಿ ಯಾರೂ ತಲೆಗೆ ಏಟು ತಿನ್ನುವುದನ್ನು ಸಾಹಸವೆಂದು ತಿಳಿಯಬಾರದು.

ಲೂಯಿಸ್ ಅವರ ಕೊನೆಯ ವರ್ಷಗಳು ಸುಖದವಲ್ಲ. 1970ರಲ್ಲಿ ಮಾನಸಿಕ ಅಸ್ವಸ್ಥತೆಗೆ ಆಸ್ಪತ್ರೆ ಸೇರಬೇಕಾಯಿತು. ಲಾಸ್ ವೇಗಾಸ್‌ನ ಹೋಟೆಲೊಂದರಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸ ಮಾಡುತ್ತಿದ್ದರು. 1977ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಗಾಲಿಕುರ್ಚಿ ಹಿಡಿದರು. 1981ರ ಏಪ್ರಿಲ್ 12ರಂದು ಹೃದಯಾಘಾತದಿಂದ ತೀರಿಕೊಂಡರು. ಹಿಂದಿನ ರಾತ್ರಿಯಷ್ಟೇ ಒಂದು ಬಾಕ್ಸಿಂಗ್ ಪಂದ್ಯ ನೋಡಿ ಬಂದಿದ್ದರು. ಅವರ ದೇಹವನ್ನು ಆರ್ಲಿಂಗ್ಟನ್‌ನ ರಾಷ್ಟ್ರೀಯ ಸೈನಿಕ ಸ್ಮಶಾನದಲ್ಲಿ ಗೌರವದಿಂದ ಮಣ್ಣು ಮಾಡಲಾಯಿತು. ಅಂತ್ಯಕ್ರಿಯೆಯ ವೆಚ್ಚಕ್ಕೆ ನೆರವಾದವರಲ್ಲಿ ಅದೇ ಮ್ಯಾಕ್ಸ್ ಶ್ಮೆಲಿಂಗ್ ಒಬ್ಬರು. ಡೆಟ್ರಾಯಿಟ್ ನಗರದ ನಡುವೆ 1986ರಲ್ಲಿ ಲೂಯಿಸ್ ನೆನಪಿಗೆ 24 ಅಡಿ ಉದ್ದದ ಕಂಚಿನ ತೋಳೊಂದನ್ನು ಮುಷ್ಟಿ ಸಮೇತ ನಿಲ್ಲಿಸಿದರು.

ನಮಗೆ ಇದರಿಂದ ಏನು?

ವಿದ್ಯಾರ್ಥಿ ಮಿತ್ರರೇ, ಆ ಕಂಚಿನ ಮುಷ್ಟಿ ನೋಡಿದವರಿಗೆ ಬಲವಷ್ಟೇ ಕಾಣಬಹುದು. ಆದರೆ ಲೂಯಿಸ್ ಗೆದ್ದದ್ದು ಮುಷ್ಟಿಯಿಂದ ಮಾತ್ರವಲ್ಲ. ಗಮನ ಗಾಲ್ಫ್ ಮೈದಾನದಲ್ಲಿದ್ದಾಗ ಅದೇ ಮುಷ್ಟಿ ಸೋತಿತು. ಗಮನ ಮರಳಿದಾಗ ಅದೇ ಮುಷ್ಟಿ 124 ಸೆಕೆಂಡುಗಳಲ್ಲಿ ಗೆದ್ದಿತು.

ನೀವು ಪರೀಕ್ಷಾ ಕೊಠಡಿಯಲ್ಲಿ ಕುಳಿತಾಗ ಯಾರೂ ನಿಮಗೆ ಗುದ್ದುವುದಿಲ್ಲ. ಆದರೆ ಕೊನೆಯ ಅರ್ಧ ಗಂಟೆ ಎಂಬ ಹದಿಮೂರನೇ ಸುತ್ತು ನಿಮಗೂ ಬರುತ್ತದೆ. ಗೊತ್ತಿದ್ದ ಲೆಕ್ಕದಲ್ಲಿ ಕೂಡುವ ಬದಲು ಕಳೆಯುವುದು, ಪ್ರಶ್ನೆಯನ್ನು ಅರ್ಧ ಓದಿ ಉತ್ತರ ಬರೆಯುವುದು, ಬೇಗ ಮುಗಿಸುವ ಆಸೆಗೆ ಬೀಳುವುದು ಎಲ್ಲವೂ ಆಗಲೇ. ಹಿಂದಿನ ರಾತ್ರಿಯಿಡೀ ನಿದ್ದೆಗೆಟ್ಟು ಓದಿದವನು ಹನ್ನೆರಡು ಸುತ್ತು ಆಡಿಯೇ ಪರೀಕ್ಷೆಗೆ ಬಂದಂತೆ. ಆದ್ದರಿಂದ ದಿನದಿನವೂ ಅಭ್ಯಾಸ ಮಾಡಿ, ಮೂಲಪಾಠಗಳು ದಣಿದಾಗಲೂ ಕೈಬಿಡದಂತೆ ಮೈಗೂಡಲಿ. ನಿದ್ದೆ, ವಿಶ್ರಾಂತಿ, ಸ್ವಲ್ಪ ಆಟ ಇರಲಿ. ಪುಸ್ತಕ ತೆರೆದಾಗ ಮೊಬೈಲು ದೂರವಿರಲಿ. ಮಾಡಿದ ತಪ್ಪನ್ನು ಶ್ಮೆಲಿಂಗ್ ಚಿತ್ರ ನೋಡಿದಂತೆ ಮತ್ತೆ ಮತ್ತೆ ನೋಡಿ, ಲೂಯಿಸ್ ಎಡಗೈ ತಿದ್ದಿಕೊಂಡಂತೆ ತಿದ್ದಿಕೊಳ್ಳಿ.

ಮೊದಲ ಪಂದ್ಯದಲ್ಲೇ ಏಳು ಬಾರಿ ಬಿದ್ದ ಬಾಲಕ ಎಂಟನೇ ಬಾರಿ ಎದ್ದು ಬಂದ. ಅದಕ್ಕೆ ಧೈರ್ಯ ಬೇಕಿತ್ತು. ಬಿದ್ದದ್ದು ಏಕೆ ಎಂದು ಕಂಡುಕೊಳ್ಳುವುದಕ್ಕೆ ಗಮನ ಬೇಕಿತ್ತು. ಈ ಎರಡೂ ನಿಮ್ಮಲ್ಲಿ ಬೆಳೆಯಲಿ ಎಂಬುದೇ ನಮ್ಮ ಹಾರೈಕೆ.